ದೇವರಿಗೆ ನೆನಪು ಮಾಡಿಕೊಡುವ ಕ್ಲಾಸು: ಐದಕ್ಕೆ ನಾಲ್ಕು

ಐದಕ್ಕೆ ನಾಲ್ಕು ಕೊಡುತ್ತಿದ್ದೇನೆ. ಹೋದ ಒಂದು ಅಂಕ ಪಾಠಕ್ಕೆ ಸಂಬಂಧಿಸಿದ್ದಲ್ಲ, ಗಡಿಯಾರಕ್ಕೆ ಸಂಬಂಧಿಸಿದ್ದು. ಆ ಕಥೆ ಕೆಳಗಿದೆ.

ಇದು ಜೆರುಸಲೇಮಿನಿಂದ ನಡೆಯುವ ಒಂದು ಆನ್‌ಲೈನ್ ಕೋರ್ಸ್. ಸಂಸ್ಥೆಯ ಹೆಸರು ಹಾಕುವುದಿಲ್ಲ. ಸ್ವಲ್ಪ ಬೈಯುವುದಿದೆ, ನನ್ನೊಬ್ಬಳ ಗೋಳಿಗೆ ಅವರ ಹೆಸರು ಕೆಡಿಸುವುದು ಬೇಡ. 2025ರ ಸೆಪ್ಟೆಂಬರ್‌ನಲ್ಲಿ ಶುರುವಾಗಿ ನವೆಂಬರ್‌ನಲ್ಲಿ ಮುಗಿಯಿತು. ಎಂಟು ಕ್ಲಾಸು, ಒಂದೊಂದೂ ಒಂದೂವರೆ ಗಂಟೆ, ಬುಧವಾರ ಬುಧವಾರ. ದುಡ್ಡು ನಮ್ಮ ಲೆಕ್ಕದಲ್ಲಿ 11,000 ರೂಪಾಯಿಯ ಹತ್ತಿರ ಬಿತ್ತು. ವಿಷಯ: ಯೆಹೂದಿ ಗ್ರಂಥಗಳಲ್ಲಿ ದೇವರ ನೆನಪು, ಹಿರಿಯರ ಪುಣ್ಯ, ಕಷ್ಟ. ಹೀಬ್ರೂ ಬರಬೇಕಿಲ್ಲ, ಇಂಗ್ಲಿಷ್ ಸಾಕು. ನಾನು ಯೆಹೂದಿಯೂ ಅಲ್ಲ, ಕ್ರೈಸ್ತಳೂ ಅಲ್ಲ. ಬೆಂಗಳೂರಿನಲ್ಲಿ ಕೂತುಕೊಂಡು ರಾತ್ರಿ ಹತ್ತೂವರೆಗೆ ಇದೆಲ್ಲ ನಿನಗೆ ಯಾಕೆ ಬೇಕಿತ್ತು ಅಂತ ಮನೆಯಲ್ಲೂ ಕೇಳಿದರು.

ಅಜ್ಜಿಯಿಂದ. ನಮ್ಮಜ್ಜಿ 93 ವರ್ಷ ಬದುಕಿದರು, ಕೊನೆಯ ನಾಲ್ಕು ವರ್ಷ ಮಂಚದ ಮೇಲೇ. ಬೆನ್ನೆಲ್ಲ ಹುಣ್ಣು. ದಿನಾ ಸಂಜೆ ಒಂದೇ ಮಾತು: "ದೇವರು ನನ್ನ ಚೀಟಿ ಎಲ್ಲೋ ಕಳಕೊಂಡವ್ನೆ. ಇಲ್ಲದಿದ್ರೆ ಇಷ್ಟೊತ್ತಿಗೆ ಕರೆಸಿಕೊಳ್ತಿದ್ದ." ನೋಡಲು ಬಂದವರು ಎರಡರಲ್ಲಿ ಒಂದು ಮಾತು ಹೇಳಿ ಕಾಫಿ ಕುಡಿದು ಹೋಗುತ್ತಿದ್ದರು. "ಯಾವ ಜನ್ಮದ ಕರ್ಮವೋ" ಅಂತ ಕೆಲವರು. "ಹಿರಿಯರ ಪುಣ್ಯ, ಮಕ್ಕಳು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ" ಅಂತ ಉಳಿದವರು. ಮರೆವು, ಪಾಪ, ಪುಣ್ಯ ಎಲ್ಲ ಆ ಒಂದು ಕೋಣೆಯಲ್ಲೇ ಓಡಾಡುತ್ತಿದ್ದವು. ಕೋರ್ಸಿನ ಜಾಹೀರಾತಿನಲ್ಲಿ ಅವೇ ಮಾತುಗಳು ಬೇರೆ ಯಾರದೋ ಭಾಷೆಯಲ್ಲಿ ಕಂಡವು. ದುಡ್ಡು ಕಟ್ಟಿಬಿಟ್ಟೆ.

ಪಾಠ ನಡೆಯುವ ರೀತಿ ಹೀಗೆ. ಮೊದಲ ಅರ್ಧ ಗಂಟೆ ಟೀಚರ್ ಮಾತಾಡುತ್ತಾರೆ. ಆಮೇಲೆ ಇಬ್ಬಿಬ್ಬರನ್ನು ಬೇರೆ ಬೇರೆ ರೂಮಿಗೆ ತಳ್ಳುತ್ತಾರೆ, ಒಂದು ಪುಟ ಪಠ್ಯ ಕೊಟ್ಟು ಜಗಳ ಆಡಿಕೊಳ್ಳಿ ಅಂತಾರೆ. ಇದಕ್ಕೆ ಹೆವ್ರುತಾ ಅಂತ ಹೆಸರು, ಅವರಲ್ಲಿ ಓದುವ ಹಳೆಯ ಕ್ರಮವೇ ಇದು, ಜೊತೆಗೊಬ್ಬರು ಇಲ್ಲದೆ ಓದುವುದು ಓದೇ ಅಲ್ಲ ಅನ್ನುವ ಹಾಗೆ. ಕೊನೆಯ ಅರ್ಧ ಗಂಟೆ ಎಲ್ಲರೂ ಸೇರಿ ಚರ್ಚೆ. ನನ್ನ ಜೊತೆಗಾತಿ ಬ್ರೆಜಿಲ್‌ನ ಒಬ್ಬ ನಿವೃತ್ತ ನರ್ಸ್. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ, ಹಾಗಾಗಿ ಚೆನ್ನಾಗಿ ಹೊಂದಿಕೊಂಡಿತು.

ಮೊದಲ ವಾರ ಪೂರ್ತಿ ಒಂದೇ ಪದ. ಜಾಖರ್. ನೆನೆ ಅಂತ ಅರ್ಥ. ದೇವರು ನೆನೆದ ಅನ್ನುವ ಮಾತು ಮೊದಲು ಬರುವುದು ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡದ 8ನೇ ಅಧ್ಯಾಯದಲ್ಲಿ, ನೋಹನ ಬಗ್ಗೆ. 150 ದಿನದಿಂದ ಭೂಮಿಯ ಮೇಲೆಲ್ಲ ನೀರು. ಎಲ್ಲ ಮುಳುಗಿದೆ. ಆಗ ದೇವರು ನೋಹನನ್ನು ನೆನೆದ. ಟೀಚರ್ ಕೇಳಿದರು: "ಹಾಗಾದರೆ ಅಲ್ಲಿಯವರೆಗೆ ಮರೆತಿದ್ದನಾ?" ಯಾರೂ ಉಸಿರೆತ್ತಲಿಲ್ಲ. ಮುಂದಿನ ಮಾತು ಓದಿ ಅಂದರು. ನೆನೆದ, ಗಾಳಿ ಬೀಸುವ ಹಾಗೆ ಮಾಡಿದ, ನೀರು ಇಳಿಯಿತು. ಆಮೇಲೆ ಒಂದೊಂದೇ ಜಾಗ ತೋರಿಸಿದರು. ರಾಹೇಲಳನ್ನು ನೆನೆದ, ಅವಳು ಬಸುರಾದಳು. ಹನ್ನಳನ್ನು ನೆನೆದ, ಸಮುವೇಲ ಹುಟ್ಟಿದ. ಅಬ್ರಹಾಮನನ್ನು ನೆನೆದ, ಸುಡುವ ಊರಿನಿಂದ ಲೋಟನನ್ನು ಹೊರಗೆ ಕಳಿಸಿದ. ಈ ಪುಸ್ತಕದಲ್ಲಿ ದೇವರು ಸುಮ್ನೆ ನೆನೆಯುವುದಿಲ್ಲ, ನೆನೆದ ಅಂದಮೇಲೆ ಮುಂದಿನ ಸಾಲಿನಲ್ಲಿ ಏನೋ ಒಂದು ಆಗಲೇಬೇಕು. ಕೊನೆಯ ಉದಾಹರಣೆ ಗಮನಿಸಿದಿರಾ? ನೆನೆದದ್ದು ಚಿಕ್ಕಪ್ಪನನ್ನು, ಉಳಿದದ್ದು ಅಣ್ಣನ ಮಗ. ಹಿರಿಯರ ಪುಣ್ಯ ಅನ್ನುವ ಕಥೆ ಅಲ್ಲೇ ಮೊಳಕೆಯೊಡೆದಿದೆ.

ಕನ್ನಡದವರಿಗೆ ಇಲ್ಲೊಂದು ಬೋನಸ್ ಇದೆ. ನೆನೆ ಅಂದರೆ ನಮಗೆ ನೆನಪೂ ಹೌದು, ಒದ್ದೆಯಾಗುವುದೂ ಹೌದು. ಪ್ರಳಯದಲ್ಲಿ ನೆನೆದವನನ್ನು ದೇವರು ನೆನೆದ. ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೋಗಿ ಹದಿನೆಂಟು ಜನರ ಎದುರು ನನ್ನ ಮಾನ ನಾನೇ ಕಳೆದುಕೊಂಡೆ.

ಅದೇ ವಾರದ ಇನ್ನೊಂದು ಜಾಗ ನನಗೆ ಜಾಸ್ತಿ ನಾಟಿತು. ವಿಮೋಚನಕಾಂಡ, 2ನೇ ಅಧ್ಯಾಯದ ಕೊನೆ. ಈಜಿಪ್ಟಿನಲ್ಲಿ ಗುಲಾಮರಾಗಿರುವ ಜನ ನರಳುತ್ತಾರೆ, ಕೂಗುತ್ತಾರೆ. ದೇವರನ್ನು ಕರೆದರು ಅಂತ ಅಲ್ಲಿ ಇಲ್ಲ. ಬರೀ ಕೂಗಿದರು, ಆ ಕೂಗು ಮೇಲೆ ಹೋಯಿತು. ಆಮೇಲೆ ನಾಲ್ಕು ಕ್ರಿಯಾಪದ ಸಾಲಾಗಿ: ದೇವರು ಕೇಳಿದ, ಅಬ್ರಹಾಮ ಇಸಾಕ ಯಾಕೋಬರ ಜೊತೆಗಿನ ಒಡಂಬಡಿಕೆಯನ್ನು ನೆನೆದ, ನೋಡಿದ, ಅರಿತ. ಏನನ್ನು ಅರಿತ ಅಂತ ಹೀಬ್ರೂವಿನಲ್ಲಿ ಇಲ್ಲವೇ ಇಲ್ಲ. ವಾಕ್ಯ ಅಲ್ಲಿಗೇ ನಿಂತುಬಿಡುತ್ತದೆ. ಅಜ್ಜಿಯ ಕೂಗೂ ಯಾರ ಹೆಸರು ಹಿಡಿದದ್ದೂ ಆಗಿರಲಿಲ್ಲ. ರಾತ್ರಿ ಮಗ್ಗುಲು ಬದಲಿಸುವಾಗ ಬರೀ "ಅಯ್ಯಯ್ಯೋ".

ಎರಡನೇ ವಾರ ರೋಶ್ ಹಶಾನಾ, ಅಂದರೆ ಅವರ ಹೊಸ ವರ್ಷ. ಅದಕ್ಕೆ ಇನ್ನೊಂದು ಹೆಸರು ನೆನಪಿನ ದಿನ. ಆ ದಿನದ ದೊಡ್ಡ ಪ್ರಾರ್ಥನೆಯಲ್ಲಿ ನೆನಪುಗಳು ಅಂತಲೇ ಒಂದು ಭಾಗ ಇದೆ, ದೇವರು ಯಾರ್ಯಾರನ್ನು ಯಾವಾಗ ನೆನೆದ ಅನ್ನುವ ಹತ್ತು ವಚನಗಳನ್ನು ಒಟ್ಟು ಮಾಡಿ ಅವನ ಮುಂದೆಯೇ ಓದುತ್ತಾರೆ. ಅದರಲ್ಲಿ ಶಿಕ್ಷೆಯ ವಚನ ಸೇರಿಸಬಾರದು ಅಂತ ಅವರ ಕಟ್ಟಳೆಗಳ ಹಳೆಯ ಸಂಗ್ರಹವಾದ ಮಿಶ್ನಾದಲ್ಲೇ ನಿಯಮ. ಬುದ್ಧಿವಂತರು ಅಲ್ವಾ, ಅರ್ಜಿ ಕೊಡುವಾಗ ಬೇಕಾದ ದಾಖಲೆ ಮಾತ್ರ ಲಗತ್ತಿಸುತ್ತಾರೆ. ಆಮೇಲೆ ಟಗರಿನ ಕೊಂಬು ಊದುತ್ತಾರೆ. ಟಗರೇ ಯಾಕೆ? ಮಿಶ್ನಾದ ಮೇಲಿನ ಚರ್ಚೆಗಳ ದೊಡ್ಡ ಗ್ರಂಥ ತಾಲ್ಮುಡ್‌ನಲ್ಲಿ ರಬ್ಬಿ (ಅಂದರೆ ಧರ್ಮಪಂಡಿತ) ಅಬ್ಬಾಹು ಹೇಳುವ ಕಾರಣ: ಅಬ್ರಹಾಮ ಮಗ ಇಸಾಕನನ್ನು ಬಲಿ ಕೊಡಲು ಕಟ್ಟಿಹಾಕಿದ್ದ, ಕೊನೇ ಗಳಿಗೆಯಲ್ಲಿ ಮಗನ ಬದಲು ಪೊದೆಯಲ್ಲಿ ಸಿಕ್ಕ ಟಗರು ಬಲಿಯಾಯಿತು, ಆ ಕೊಂಬಿನ ದನಿ ಕೇಳಿದರೆ ದೇವರಿಗೆ ಆ ದಿನ ನೆನಪಾಗುತ್ತದೆ.

ಈ ಕ್ಲಾಸು ನಡೆದದ್ದು ನಮ್ಮ ಪಿತೃಪಕ್ಷದಲ್ಲಿ. 2025ರಲ್ಲಿ ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 21ಕ್ಕೆ, ಅವರ ನೆನಪಿನ ದಿನ ಶುರುವಾದದ್ದು 22ರ ಸಂಜೆ. ಎರಡೂ ಚಂದ್ರನ ಲೆಕ್ಕ, ಹಾಗಾಗಿ ಕೆಲವು ವರ್ಷ ಹೀಗೆ ಪಕ್ಕಪಕ್ಕ ಬೀಳುತ್ತವೆ. ಇಲ್ಲಿ ನಾವು ಹಿರಿಯರಿಗೆ ಎಡೆ ಇಡುತ್ತೇವೆ. ಅಲ್ಲಿ ಹಿರಿಯರು ಇಟ್ಟು ಹೋದದ್ದರಲ್ಲಿ ಮಕ್ಕಳು ಉಣ್ಣುತ್ತಿದ್ದಾರೆ. ಹೋಲಿಕೆಯನ್ನು ಇದಕ್ಕಿಂತ ಎಳೆಯುವುದಿಲ್ಲ, ಎಳೆದರೆ ಹರಿಯುತ್ತದೆ.

ಹಬ್ಬಗಳಿಗೆ ಮೂರು ವಾರ ರಜೆ. ಅದಾದ ಮೇಲೆ ಮೂರನೇ, ನಾಲ್ಕನೇ ವಾರ. ಕೊಟ್ಟ ದುಡ್ಡೆಲ್ಲ ಈ ಎರಡು ಕ್ಲಾಸಿನಲ್ಲೇ ವಾಪಸ್ ಬಂತು.

ಹಿರಿಯರ ಪುಣ್ಯಕ್ಕೆ ಅವರು ಜೆಖುತ್ ಅವೋತ್ ಅಂತಾರೆ. ಬೇರು ಇರುವುದು ಚಿನ್ನದ ಕರುವಿನ ಕಥೆಯಲ್ಲಿ. ಗುಲಾಮರನ್ನು ಈಜಿಪ್ಟಿನಿಂದ ಬಿಡಿಸಿ ತಂದ ಮೋಶೆ ಬೆಟ್ಟದ ಮೇಲಿದ್ದಾಗ ಜನ ಕರು ಮಾಡಿಕೊಂಡು ಪೂಜೆ ಶುರು ಮಾಡಿದರು. ಇವರನ್ನೆಲ್ಲ ಮುಗಿಸಿಬಿಡುತ್ತೇನೆ ಅಂತ ದೇವರು. ಮೋಶೆ ಜನರ ಪರ ಒಂದು ಒಳ್ಳೆ ಮಾತೂ ಹೇಳುವುದಿಲ್ಲ, ಹೇಳಲು ಏನೂ ಇರಲಿಲ್ಲ ಅನ್ನಿ. "ನಿನ್ನ ಸೇವಕರಾದ ಅಬ್ರಹಾಮ, ಇಸಾಕ, ಇಸ್ರಾಯೇಲರನ್ನು ನೆನೆದುಕೋ" ಅಂತಾನೆ (ಇಸ್ರಾಯೇಲ ಅಂದರೆ ಯಾಕೋಬನೇ). ನೀನು ಅವರಿಗೆ ಮಾತು ಕೊಟ್ಟಿದ್ದೆ. ಈಜಿಪ್ಟಿನವರು ಏನಂದಾರು ಅಂತಲೂ ಕೇಳುತ್ತಾನೆ, ಆದರೆ ಕೊನೆಯ ವಾದ ಇದೇ. ದೇವರು ಮನಸ್ಸು ಬದಲಿಸುತ್ತಾನೆ.

ಆಮೇಲೆ ಯಾಜಕಕಾಂಡ 26. ಶಾಪಗಳ ಉದ್ದನೆ ಪಟ್ಟಿಯ ಕೊನೆಯಲ್ಲಿ ದೇವರು ಯಾಕೋಬನ ಒಡಂಬಡಿಕೆ, ಇಸಾಕನ ಒಡಂಬಡಿಕೆ, ಅಬ್ರಹಾಮನ ಒಡಂಬಡಿಕೆ ನೆನೆಯುತ್ತೇನೆ ಅಂತಾನೆ. ಮೊಮ್ಮಗನಿಂದ ಅಜ್ಜನ ಕಡೆಗೆ, ತಲೆಕೆಳಗು. ಯಾಕೆ? ರಾಶಿಯ ವ್ಯಾಖ್ಯಾನ ಓದಿಸಿದರು. ರಾಶಿ ಅಂದರೆ 1040ರಿಂದ 1105ರವರೆಗೆ ಬದುಕಿದ್ದ ಫ್ರಾನ್ಸಿನ ಪಂಡಿತ, ಅವನಿಲ್ಲದೆ ಇವರು ಒಂದು ಸಾಲೂ ಓದುವುದಿಲ್ಲ. ಚಿಕ್ಕವನಾದ ಯಾಕೋಬನ ಪುಣ್ಯ ಸಾಕು, ಸಾಲದಿದ್ದರೆ ಇಸಾಕ ಇದ್ದಾನೆ, ಅದೂ ಸಾಲದಿದ್ದರೆ ಅಬ್ರಹಾಮ ಇದ್ದಾನೆ. ಸಾಲಕ್ಕೆ ಜಾಮೀನು ಹುಡುಕುವಾಗ ಮೊದಲು ಅಣ್ಣ, ಆಮೇಲೆ ಅಪ್ಪ, ಕೊನೆಗೆ ಊರಲ್ಲಿ ಜಮೀನಿರುವ ತಾತ, ಹಾಗೆ. ಇನ್ನೊಂದು ಸೂಕ್ಷ್ಮ: ನೆನೆ ಅನ್ನುವ ಕ್ರಿಯಾಪದ ಯಾಕೋಬನ ಜೊತೆ ಇದೆ, ಅಬ್ರಹಾಮನ ಜೊತೆ ಇದೆ, ಇಸಾಕನ ಜೊತೆ ಇಲ್ಲ. ಇಸಾಕನ ಬೂದಿ ಬಲಿಪೀಠದ ಮೇಲೆ ರಾಶಿಯಾಗಿ ಯಾವಾಗಲೂ ನನ್ನ ಕಣ್ಣೆದುರೇ ಇದೆ, ಅವನನ್ನು ನೆನೆಯಬೇಕಾದದ್ದಿಲ್ಲ ಅಂತ ದೇವರು ಹೇಳಿದ ಹಾಗಂತೆ. ಆದರೆ ಇಸಾಕ ಸುಡಲೇ ಇಲ್ಲವಲ್ಲ! ಬದುಕಿ, ಮದುವೆಯಾಗಿ, ಮಕ್ಕಳು ಮಾಡಿಕೊಂಡು, ಮುದುಕನಾಗಿ ಸತ್ತ. ಸುಡದವನ ಬೂದಿ ಎಲ್ಲಿಂದ ಬಂತು ಅಂತ ನಾನು ಮತ್ತೆ ನರ್ಸಮ್ಮ ಅರ್ಧ ಗಂಟೆ ಕಿತ್ತಾಡಿದೆವು. ಆಗಬೇಕಿದ್ದ ನೋವೂ ಲೆಕ್ಕಕ್ಕೆ ಬರುತ್ತದೆ ಅಂತ ಅವರ ವಾದ. ನನಗೆ ಈಗಲೂ ಪೂರ್ತಿ ಒಪ್ಪಿಗೆ ಇಲ್ಲ.

ಮಿದ್ರಾಶ್ ಅನ್ನುವ ಹಳೆಯ ವ್ಯಾಖ್ಯಾನಗಳಲ್ಲಿ ಒಂದು ಚಿತ್ರ ಇದೆ, ಅದನ್ನು ಹೇಳಲೇಬೇಕು. ದ್ರಾಕ್ಷಿ ಬಳ್ಳಿ ಜೀವಂತ, ಆದರೆ ಒರಗಿ ನಿಲ್ಲುವುದು ಸತ್ತ ಮರದ ಕಂಬಕ್ಕೆ. ಹಾಗೆ ಇಸ್ರಾಯೇಲರು ಬದುಕಿದ್ದಾರೆ, ಒರಗಿರುವುದು ಸತ್ತ ಹಿರಿಯರಿಗೆ. ಅಪ್ಪ ನೆಟ್ಟ ಆಲದ ಮರಕ್ಕೆ ನೇಣು ಹಾಕಿಕೊಳ್ಳುವ ನಮ್ಮ ಗಾದೆ ಕೇಳಿ ಬೆಳೆದವಳಿಗೆ ಇದು ಅದರ ಇನ್ನೊಂದು ಮಗ್ಗುಲಿನ ಹಾಗೆ ಕಂಡಿತು. ಅದೇ ಮರ, ಒಬ್ಬ ನೇತಾಡುತ್ತಾನೆ, ಇನ್ನೊಬ್ಬ ಹಬ್ಬುತ್ತಾನೆ.

ನಾಲ್ಕನೇ ವಾರದ ಪ್ರಶ್ನೆ ಕೇಳಿ ನಗು ಬಂತು. ಹಿರಿಯರ ಪುಣ್ಯಕ್ಕೆ ಎಕ್ಸ್‌ಪೈರಿ ಡೇಟ್ ಇದೆಯಾ? ತಾಲ್ಮುಡ್‌ನಲ್ಲಿ ನಿಜವಾಗಿಯೂ ಈ ಚರ್ಚೆ ಇದೆ, ಶಬ್ಬಾತ್ ಅನ್ನುವ ಸಂಪುಟದ 55ನೇ ಹಾಳೆಯಲ್ಲಿ. ಪುಣ್ಯ ಯಾವಾಗ ಖಾಲಿಯಾಯಿತು ಅಂತ ಕೇಳಿ ನಾಲ್ಕು ಜನ ನಾಲ್ಕು ಉತ್ತರ ಕೊಡುತ್ತಾರೆ. ಪ್ರವಾದಿ ಹೋಶೇಯನ ಕಾಲಕ್ಕೆ ಅಂತ ಒಬ್ಬ. ಹಜಾಯೇಲ ರಾಜನ ಕಾಲಕ್ಕೆ ಅಂತ ಇನ್ನೊಬ್ಬ. ಎಲೀಯನ ಕಾಲ, ಹಿಜ್ಕೀಯನ ಕಾಲ ಅಂತ ಉಳಿದಿಬ್ಬರು. ಯಾವ ಲೆಕ್ಕದಲ್ಲಿ ನೋಡಿದರೂ ಮುಗಿದು ನೂರಾರು ವರ್ಷವಾಗಿದೆ ಅಂತ ಆ ಮಾತಾಡುತ್ತಿರುವವರಿಗೇ ಗೊತ್ತು! ಆದರೂ ದಿನಕ್ಕೆ ಮೂರು ಸಲ ನಿಂತು "ಅಬ್ರಹಾಮನ ದೇವರೇ, ಇಸಾಕನ ದೇವರೇ, ಯಾಕೋಬನ ದೇವರೇ, ಹಿರಿಯರ ಒಳ್ಳೆಯತನ ನೆನೆಯುವವನೇ" ಅಂತ ಪ್ರಾರ್ಥನೆ ಮಾಡುತ್ತಾರೆ. ಖಾಲಿ ಖಾತೆಯ ಚೆಕ್ ಬರೆದಂತೆ ಅಲ್ವಾ?

ಉತ್ತರ ಕೊಟ್ಟದ್ದು ರಾಶಿಯ ಮೊಮ್ಮಗ, ರಬ್ಬೇನು ತಾಮ್ ಅಂತ ಕರೆಯುತ್ತಾರೆ. ಪುಣ್ಯ ಮುಗಿದಿದೆ, ಒಡಂಬಡಿಕೆ ಮುಗಿದಿಲ್ಲ ಅಂದ. ಪುಣ್ಯ ಖರ್ಚಾಗುವ ವಸ್ತು, ಕೊಟ್ಟ ಮಾತು ಖರ್ಚಾಗುವುದಿಲ್ಲ. ಸುಮ್ನೆ ಪಂಡಿತರ ಜಾಣತನ ಅಂದುಕೊಂಡೆ. ಆಗ ಟೀಚರ್ ಹೇಳಿದರು, 1147ರಲ್ಲಿ, ಎರಡನೇ ಕ್ರುಸೇಡಿನ, ಅಂದರೆ ಕ್ರೈಸ್ತರ ಧರ್ಮಯುದ್ಧದ ಹೊತ್ತಿಗೆ, ಕ್ರುಸೇಡರ್‌ಗಳು ಇವನ ಮನೆಗೆ ನುಗ್ಗಿ ಹೊಲಕ್ಕೆ ಎಳೆದುಕೊಂಡು ಹೋಗಿ ತಲೆಗೆ ಐದು ಗಾಯ ಮಾಡಿದ್ದರು. ಹೇಗೋ ಬದುಕಿದ. ತಲೆ ಒಡೆಸಿಕೊಂಡವನು ಪುಣ್ಯ ಮುಗಿದಿದೆ ಅಂದರೆ ಅದನ್ನು ಬೇರೆ ಕಿವಿಯಿಂದ ಕೇಳಬೇಕಾಗುತ್ತದೆ.

ಅದೇ ದಿನ ಓದಿಸಿದ ಇಸಾಕನ ಚೌಕಾಸಿ ಇಡೀ ಕೋರ್ಸಿನಲ್ಲಿ ನನ್ನ ಮೆಚ್ಚಿನದು. ಶಬ್ಬಾತ್ 89. ಕೊನೆಗಾಲದಲ್ಲಿ ದೇವರು ಅಬ್ರಹಾಮನ ಹತ್ತಿರ ಬಂದು ನಿನ್ನ ಮಕ್ಕಳು ಪಾಪ ಮಾಡಿದ್ದಾರೆ ಅಂತಾನೆ. ನಿನ್ನ ಹೆಸರಿನ ಪಾವಿತ್ರ್ಯಕ್ಕಾಗಿ ಅಳಿಸಿಹಾಕು ಅಂತಾನೆ ಅಬ್ರಹಾಮ. ಯಾಕೋಬ ಮಕ್ಕಳನ್ನು ಸಾಕಿ ಕಷ್ಟಪಟ್ಟವನು, ಅವನಾದರೂ ಕರಗಬಹುದು ಅಂತ ಹೋದರೆ ಅವನದೂ ಅದೇ ಉತ್ತರ. ಮುದುಕರಲ್ಲಿ ಬುದ್ಧಿ ಇಲ್ಲ, ಹುಡುಗರಲ್ಲಿ ಉಪಾಯ ಇಲ್ಲ ಅಂತ ಬೇಜಾರಾಗಿ ದೇವರು ಇಸಾಕನ ಹತ್ತಿರ ಬರುತ್ತಾನೆ. ಇಸಾಕ: "ಈಗ ನನ್ನ ಮಕ್ಕಳಾದರಾ? ನಿನ್ನ ಮಕ್ಕಳಲ್ವಾ? ಸಿನಾಯ್ ಬೆಟ್ಟದಲ್ಲಿ ನಿಂತಾಗ ನನ್ನ ಹಿರಿಮಗ ಅಂತ ಕರೆದವನು ನೀನೇ. ಸರಿ, ಎಷ್ಟು ಪಾಪ ಮಾಡಿರಬಹುದು, ಲೆಕ್ಕ ಹಾಕೋಣ. ಮನುಷ್ಯನ ಆಯಸ್ಸು 70. ಮೊದಲ 20 ವರ್ಷಕ್ಕೆ ನೀನು ಶಿಕ್ಷೆ ಕೊಡುವುದಿಲ್ಲ, ಕಳೆ. 50 ಉಳಿಯಿತು. ಅದರಲ್ಲಿ 25 ರಾತ್ರಿ, ನಿದ್ದೆ, ಕಳೆ. ಉಳಿದ 25ರಲ್ಲಿ ಹನ್ನೆರಡೂವರೆ ಪ್ರಾರ್ಥನೆ, ಊಟ, ಪಾಯಿಖಾನೆಗೆ ಹೋಯಿತು. ಬಾಕಿ ಹನ್ನೆರಡೂವರೆ. ಪೂರ್ತಿ ನೀನು ಹೊತ್ತರೆ ಒಳ್ಳೆಯದು. ಇಲ್ಲದಿದ್ದರೆ ಅರ್ಧ ನನಗೆ, ಅರ್ಧ ನಿನಗೆ. ಎಲ್ಲ ನನ್ನ ಮೇಲೇ ಅಂತೀಯಾ? ನಾನು ಆಗಲೇ ನನ್ನ ಪ್ರಾಣ ನಿನ್ನ ಮುಂದೆ ಇಟ್ಟಾಗಿದೆ."

ಕೆ.ಆರ್. ಮಾರ್ಕೆಟ್ಟಿನಲ್ಲಿ ಸೊಪ್ಪು ಕೊಳ್ಳುವವರೂ ಇಷ್ಟು ಚೆನ್ನಾಗಿ ಚೌಕಾಸಿ ಮಾಡುವುದಿಲ್ಲ. ಮಕ್ಕಳು ಖುಷಿಯಿಂದ ನೀನೇ ನಮ್ಮಪ್ಪ ಅಂದಾಗ ಇಸಾಕ ನನ್ನನ್ನಲ್ಲ, ಅವನನ್ನು ಹೊಗಳಿ ಅಂತ ದೇವರ ಕಡೆ ಬೆರಳು ತೋರಿಸುತ್ತಾನೆ. ಚಾಕುವಿನ ಕೆಳಗೆ ಮಲಗಿದ್ದವನೇ ವಾದ ಮಾಡುತ್ತಾನೆ, ಚಾಕು ಹಿಡಿದಿದ್ದವನು ಮಾಡುವುದಿಲ್ಲ. ಇದನ್ನು ಬರೆದವರಿಗೆ ನಮಸ್ಕಾರ.

ಈಗ ಗಡಿಯಾರದ ಕಥೆ. ಕ್ಲಾಸು ಜೆರುಸಲೇಮಿನ ರಾತ್ರಿ ಎಂಟಕ್ಕೆ, ನಮಗೆ ಹತ್ತೂವರೆ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅಂದರೆ ನಮಗೆ ಹನ್ನೊಂದೂವರೆ. ಇದನ್ನು ಯಾರೂ ಹೇಳಲಿಲ್ಲ. 29ನೇ ತಾರೀಖು ಹತ್ತೂವರೆಗೆ ಲಾಗಿನ್ ಆಗಿ ಖಾಲಿ ಪರದೆ ನೋಡುತ್ತ ಮುಕ್ಕಾಲು ಗಂಟೆ ಕೂತೆ. ಮೇಲ್ ಹಾಕಿದೆ, ಉತ್ತರ ಇಲ್ಲ. ಕ್ಲಾಸು ರದ್ದಾಗಿದೆ ಅಂದುಕೊಂಡು ಮಲಗಿದೆ. ಬೆಳಿಗ್ಗೆ ನೋಡಿದರೆ ನಾನಿಲ್ಲದೆ ಎಲ್ಲ ಮುಗಿದಿದೆ. ನೆನಪಿನ ಬಗ್ಗೆ ಎಂಟು ವಾರ ಪಾಠ ಮಾಡುವವರು ಬೇರೆ ದೇಶದವರಿಗೆ ಒಂದು ಸಾಲು ನೆನಪು ಮಾಡಲಿಲ್ಲ. ರೆಕಾರ್ಡಿಂಗ್ ಕೊಟ್ಟರು, ಸರಿ. ಆದರೆ ಅದು 30 ದಿನಕ್ಕೆ ಮಾಯ. ಅಂಕ ಕಳೆದದ್ದು ಇದಕ್ಕೇ.

ತಪ್ಪಿದ ಆ ಕ್ಲಾಸು ಪುಣ್ಯದ ಇನ್ನೊಂದು ಮುಖದ ಬಗ್ಗೆ. ಹಿರಿಯರ ಪುಣ್ಯ ಬರುತ್ತದೆ ಅಂದರೆ ಪಾಪವೂ ಬರಬೇಕಲ್ಲ? ಹತ್ತು ಆಜ್ಞೆಗಳಲ್ಲೇ ಇದೆ, ತಂದೆಯ ಅಪರಾಧ ಮೂರು ನಾಲ್ಕು ತಲೆಮಾರಿನವರೆಗೆ, ದಯೆ ಸಾವಿರದವರೆಗೆ. ಜನರಲ್ಲಿ ಒಂದು ಗಾದೆಯೂ ಇತ್ತು: ಅಪ್ಪಂದಿರು ಹುಳಿ ದ್ರಾಕ್ಷಿ ತಿಂದರು, ಮಕ್ಕಳ ಹಲ್ಲು ಚಳಿತು. ಪ್ರವಾದಿ ಯೆಹೆಜ್ಕೇಲ ತನ್ನ ಪುಸ್ತಕದ 18ನೇ ಅಧ್ಯಾಯದಲ್ಲಿ ಎದ್ದು ನಿಂತು ಈ ಗಾದೆ ಇನ್ನು ಬೇಡ ಅಂತಾನೆ, ಪಾಪ ಮಾಡಿದವನೇ ಸಾಯುತ್ತಾನೆ. ತಾಲ್ಮುಡ್ ಇದನ್ನು ಮುಚ್ಚಿಡುವುದಿಲ್ಲ. ಮೋಶೆ ಹೀಗೆ ಹೇಳಿದ, ಯೆಹೆಜ್ಕೇಲ ಬಂದು ರದ್ದು ಮಾಡಿದ ಅಂತ ನೇರವಾಗಿ ಬರೆಯುತ್ತದೆ. ಪ್ರವಾದಿಯೊಬ್ಬ ಮೋಶೆಯ ಮಾತನ್ನೇ ಹೊಡೆದುಹಾಕಿದ್ದು ಅವರಿಗೆ ಮುಜುಗರದ ವಿಷಯವೇ ಅಲ್ಲ. ಲೈವ್ ಕ್ಲಾಸಿನಲ್ಲೇ ಇದನ್ನು ಕೇಳಬೇಕಿತ್ತು, ಹೊಟ್ಟೆ ಉರಿಯಿತು.

ಆರನೇ ವಾರ ಪ್ರಲಾಪಗಳು ಅನ್ನುವ ಪುಸ್ತಕ, 5ನೇ ಅಧ್ಯಾಯ ಒಂದೇ. ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನವರು ದೇವಾಲಯ ಸುಟ್ಟ ಮೇಲಿನ ಗೋಳು. ಶುರುವಾಗುವುದೇ "ನಮಗೆ ಆದದ್ದನ್ನು ನೆನೆದುಕೋ" ಅಂತ. ನಡುವೆ "ನಮ್ಮ ಹಿರಿಯರು ಪಾಪ ಮಾಡಿ ಹೋದರು, ಹೊರೆ ನಾವು ಹೊರುತ್ತಿದ್ದೇವೆ". ಕೊನೆಗೆ "ಯಾಕೆ ನಮ್ಮನ್ನು ಸದಾಕಾಲಕ್ಕೆ ಮರೆಯುತ್ತೀಯ". ಕೋರ್ಸಿನ ಮೂರೂ ವಿಷಯ 22 ವಚನದಲ್ಲಿ. ಕೊನೆಯ ವಚನ ಎಷ್ಟು ಕಹಿ ಅಂದರೆ, ನೀನು ನಮ್ಮನ್ನು ಪೂರ್ತಿ ಕೈಬಿಟ್ಟೆಯಾ ಅನ್ನುವ ಅರ್ಥದ್ದು, ಸಿನಗಾಗ್‌ನಲ್ಲಿ, ಅಂದರೆ ಅವರ ಪ್ರಾರ್ಥನಾಮಂದಿರದಲ್ಲಿ, ಅಲ್ಲಿಗೆ ನಿಲ್ಲಿಸಲು ಆಗದೆ ಅದರ ಹಿಂದಿನ ವಚನವನ್ನು ಇನ್ನೊಂದು ಸಲ ಓದಿ ಮುಗಿಸುತ್ತಾರೆ. ಅವರ ಪಂಚಾಂಗದ ಅವ್ ತಿಂಗಳ ಒಂಬತ್ತನೇ ದಿನ, ಉಪವಾಸ, ನೆಲದ ಮೇಲೆ ಕೂತು. ವಚನ ಅಳಿಸಿಹಾಕಿಲ್ಲ, ನೋಡಿ. ಓದುತ್ತಾರೆ, ಓದಿ ಹಿಂದಕ್ಕೆ ಒಂದು ಹೆಜ್ಜೆ ಇಡುತ್ತಾರೆ.

ಇಲ್ಲಿ ನನಗೆ ಇಡೀ ಕೋರ್ಸು ಅರ್ಥವಾದ ಹಾಗಾಯಿತು. ಕಷ್ಟ ಯಾಕೆ ಬಂತು ಅನ್ನುವುದಕ್ಕಿಂತ ಇವರಿಗೆ ಜಾಸ್ತಿ ಮುಖ್ಯವಾದ ಕೆಲಸ ಇನ್ನೊಂದಿದೆ. ತಾಲ್ಲೂಕು ಕಚೇರಿಗೆ ದಿನಾ ಹೋಗಿ ನನ್ನ ಫೈಲು ಎಲ್ಲಿದೆ ಸ್ವಾಮಿ ಅಂತ ಕೇಳುತ್ತಾರಲ್ಲ, ಅದು. ಮೋಶೆ ಕೇಳಿದ್ದು ಅದನ್ನೇ. 13ನೇ ಕೀರ್ತನೆಯವನು "ಎಷ್ಟರವರೆಗೆ" ಅಂತ ನಾಲ್ಕು ಸಲ ಕೇಳುತ್ತಾನೆ, ಎಷ್ಟರವರೆಗೆ ನನ್ನನ್ನು ಮರೆತಿರುತ್ತೀಯ ಅನ್ನುವುದರಿಂದ ಶುರು. ಅಜ್ಜಿಯ ಚೀಟಿಯ ಮಾತಿಗೆ ನಾವೆಲ್ಲ "ಹಾಗೆಲ್ಲ ಅನ್ನಬಾರದು" ಅಂತ ಬಾಯಿ ಮುಚ್ಚಿಸುತ್ತಿದ್ದೆವು. ಇಲ್ಲಿ ಅದೇ ಮಾತು ಪ್ರಾರ್ಥನೆಯ ಪುಸ್ತಕದಲ್ಲಿ ಅಚ್ಚಾಗಿದೆ.

ಏಳನೇ ವಾರ ನನ್ನ ದೊಡ್ಡ ದೂರು. ಕಷ್ಟದ ಬಗ್ಗೆ ಐದು ಪಠ್ಯವನ್ನು ಒಂದೂವರೆ ಗಂಟೆಯಲ್ಲಿ ತುರುಕಿದರು, ಮದುವೆ ಮನೆಯ ಕೊನೇ ಪಂಕ್ತಿಯ ಹಾಗೆ. ಅಪ್ಪ ಹೇಳಿದ ಅಂತ ಕಟ್ಟಡ ಹತ್ತಿ, ಶಾಸ್ತ್ರದಲ್ಲಿ ಇರುವಂತೆ ತಾಯಿ ಹಕ್ಕಿಯನ್ನು ಹಾರಿಬಿಟ್ಟು ಮರಿ ತೆಗೆದು, ಇಳಿಯುವಾಗ ಬಿದ್ದು ಸತ್ತ ಹುಡುಗನ ಕಥೆ ಬಂತು. ಆ ಎರಡು ಕೆಲಸಕ್ಕೂ ಗ್ರಂಥ ದೀರ್ಘಾಯುಸ್ಸು ಕೊಡುತ್ತೇನೆ ಅಂದಿದೆ! ಐದು ನಿಮಿಷದಲ್ಲಿ ದಾಟಿಬಿಟ್ಟರು. ಅದೊಂದಕ್ಕೇ ಒಂದು ಕ್ಲಾಸು ಬೇಕಿತ್ತು. ಹಿಟ್ಲರನ ಕಾಲದ ಬಗ್ಗೆ ಒಬ್ಬರು ಕೇಳಿದರು. ಅದರ ಮುಂದೆ ನಾನು ಯಾವ ವಚನವನ್ನೂ ಉತ್ತರ ಅಂತ ಇಡುವುದಿಲ್ಲ ಅಂದರು ಟೀಚರ್. ತುಂಬ ಹೊತ್ತು ಯಾರೂ ಮಾತಾಡಲಿಲ್ಲ. ಅದು ಸರಿಯಾಗಿತ್ತು.

ಆದರೆ ತಾಲ್ಮುಡ್‌ನ ಬೆರಾಖೋತ್ ಅನ್ನುವ ಸಂಪುಟದ 5ನೇ ಹಾಳೆಗೆ ಅರ್ಧ ಗಂಟೆ ಸಿಕ್ಕಿತು, ಪುಣ್ಯ. ಮೊದಲು ಸಿದ್ಧಾಂತ: ಕಷ್ಟ ಬಂದರೆ ನಿನ್ನ ನಡತೆ ನೋಡಿಕೋ, ತಪ್ಪು ಸಿಗದಿದ್ದರೆ ಓದಿನಲ್ಲಿ ಸೋಮಾರಿಯಾಗಿದ್ದೆಯಾ ನೋಡಿಕೋ, ಅದೂ ಇಲ್ಲದಿದ್ದರೆ ಅದು ಪ್ರೀತಿಯ ಕಷ್ಟ. ಅಜ್ಜಿಯನ್ನು ನೋಡಲು ಬಂದವರ ಮಾತಿನ ಹಾಗೇ ಇದೆ ಅಂತ ನನಗೆ ಸಿಟ್ಟೇ ಬಂತು. ಹಾಳೆ ತಿರುಗಿಸಿದರೆ ಅದೇ ಚರ್ಚೆಯ ಪಂಡಿತರು ಕಾಯಿಲೆ ಬಿದ್ದಿದ್ದಾರೆ. ರಬ್ಬಿ ಹಿಯ್ಯಾ ಮಲಗಿದ್ದಾನೆ, ರಬ್ಬಿ ಯೋಹಾನಾನ್ ನೋಡಲು ಬರುತ್ತಾನೆ. "ಈ ಕಷ್ಟ ನಿನಗೆ ಪ್ರಿಯವಾ?" "ಅದೂ ಬೇಡ, ಅದರ ಫಲವೂ ಬೇಡ." "ಕೈ ಕೊಡು." ಕೈ ಕೊಟ್ಟ, ಎಬ್ಬಿಸಿದ. ಆಮೇಲೆ ಯೋಹಾನಾನನೇ ಕಾಯಿಲೆ ಬೀಳುತ್ತಾನೆ, ಇನ್ನೊಬ್ಬ ಬಂದು ಅದೇ ಪ್ರಶ್ನೆ ಕೇಳಿ ಕೈ ಹಿಡಿದು ಎಬ್ಬಿಸುತ್ತಾನೆ. ಬೇರೆಯವರನ್ನು ಎಬ್ಬಿಸಿದವನು ತನ್ನನ್ನು ತಾನೇ ಯಾಕೆ ಎಬ್ಬಿಸಿಕೊಳ್ಳಲಿಲ್ಲ? ಕೈದಿ ತನ್ನನ್ನು ತಾನು ಜೈಲಿನಿಂದ ಬಿಡಿಸಿಕೊಳ್ಳಲಾರ ಅಂತ ತಾಲ್ಮುಡ್.

ಮೂರನೆಯದು ರಬ್ಬಿ ಎಲಾಜಾರ್, ಕತ್ತಲೆ ಕೋಣೆಯಲ್ಲಿ. ಯೋಹಾನಾನ್ ಸುಂದರ ಮನುಷ್ಯ, ತೋಳಿನ ಬಟ್ಟೆ ಸರಿಸಿದರೆ ಕೋಣೆ ಬೆಳಗಿತಂತೆ. ನೋಡಿದರೆ ಎಲಾಜಾರ್ ಅಳುತ್ತಿದ್ದಾನೆ. ಯಾಕೆ, ಓದು ಸಾಲದಾಯಿತಾ, ಬಡತನವಾ, ಮಕ್ಕಳಿಲ್ಲ ಅಂತಲಾ? ನೋಡು, ಇದು ಸತ್ತುಹೋದ ನನ್ನ ಹತ್ತನೇ ಮಗನ ಮೂಳೆ ಅಂತ ಯೋಹಾನಾನ್ ತೋರಿಸುತ್ತಾನೆ. ಎಲಾಜಾರ್ ಹೇಳುತ್ತಾನೆ, ನಿನ್ನ ಈ ಚೆಲುವು ಮಣ್ಣಲ್ಲಿ ಕೊಳೆಯುತ್ತದಲ್ಲ, ಅದಕ್ಕೆ ಅಳುತ್ತಿದ್ದೇನೆ. ಅದಕ್ಕಾದರೆ ಅಳಬೇಕಾದದ್ದೇ ಅಂತ ಇಬ್ಬರೂ ಕೂತು ಅತ್ತರು. ಅತ್ತಾದ ಮೇಲೆ ಕೈ.

ನರ್ಸಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. "ಅವನು ಮೊದಲು ಕೇಳಿದ, ಗಮನಿಸಿದೆಯಾ?" ಅಂದರು. "ಕೇಳದೆ ಕೈ ಹಿಡಿಯಲಿಲ್ಲ." ಮೂವತ್ತು ವರ್ಷದ ಕೆಲಸದಲ್ಲಿ ಅದನ್ನು ಕಲಿಯಲು ಹತ್ತು ವರ್ಷ ಹಿಡಿಯಿತಂತೆ. ನಾನು ಅಜ್ಜಿಗೆ ನಾಲ್ಕು ವರ್ಷದಲ್ಲಿ ಮಾತ್ರೆ, ಗಂಜಿ, ಮುಲಾಮು ಎಲ್ಲ ಕೊಟ್ಟಿದ್ದೆ. ಅವರನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಎಂಟನೇ ವಾರ ಯಿಜ್ಕೋರ್. "ದೇವರು ನೆನೆಯಲಿ" ಅಂತಲೇ ಶುರುವಾಗುವ, ಸತ್ತವರಿಗಾಗಿ ವರ್ಷಕ್ಕೆ ನಾಲ್ಕು ಸಲ ಹೇಳುವ ಪ್ರಾರ್ಥನೆ. 1096ರಲ್ಲಿ ಮೊದಲ ಕ್ರುಸೇಡಿನವರು ರೈನ್ ನದಿಯ ದಂಡೆಯ ಊರುಗಳಲ್ಲಿ, ಮೈನ್ಜ್, ವರ್ಮ್ಸ್, ಯೆಹೂದಿಗಳನ್ನು ಕೊಂದ ಮೇಲೆ ಹೆಸರುಗಳ ಪಟ್ಟಿ ಬರೆದಿಟ್ಟು ಓದುವ ಪದ್ಧತಿ ಬೆಳೆಯಿತು. ನ್ಯೂರೆಂಬರ್ಗಿನ ನೆನಪಿನ ಪುಸ್ತಕ ಶುರುವಾದದ್ದು 1296ರಲ್ಲಿ. ಅಪ್ಪ ಅಮ್ಮ ಬದುಕಿರುವವರು ಆ ಹೊತ್ತಿಗೆ ಹೊರಗೆ ಹೋಗುವ ರೂಢಿ ಇದೆಯಂತೆ. ಬಾಗಿಲ ಹೊರಗೆ ನಿಲ್ಲುವ ಆ ಮಕ್ಕಳ ಗಲಾಟೆ ಬಗ್ಗೆ ಟೀಚರ್ ಹೇಳಿದ್ದು ಚೆನ್ನಾಗಿತ್ತು. ಉಳಿದದ್ದು ಬರೀ ಇತಿಹಾಸ, ಅವಸರದಲ್ಲಿ.

ಸೇರುವವರಿಗೆ ಒಂದೆರಡು ಮಾತು. ಪಠ್ಯಕ್ಕೆ ಪುಸ್ತಕ ಕೊಳ್ಳಬೇಡಿ, ಸೆಫಾರಿಯಾ ಅನ್ನುವ ಉಚಿತ ತಾಣದಲ್ಲಿ ಹೀಬ್ರೂ ಪಕ್ಕದಲ್ಲೇ ಇಂಗ್ಲಿಷ್ ಸಿಗುತ್ತದೆ, ವಚನ ಒತ್ತಿದರೆ ರಾಶಿಯೂ ಬರುತ್ತಾನೆ. ಕನ್ನಡ ಸತ್ಯವೇದ ಪಕ್ಕದಲ್ಲಿಟ್ಟುಕೊಂಡರೆ ಓದು ಸಲೀಸು, ಆದರೆ ಕೀರ್ತನೆಗಳಲ್ಲಿ ಅವರು ತಲೆಬರಹವನ್ನೂ ಒಂದು ವಚನ ಅಂತ ಎಣಿಸುವುದರಿಂದ ಎಷ್ಟೋ ಕಡೆ ಒಂದು ಸಂಖ್ಯೆ ಆಚೀಚೆ ಆಗುತ್ತದೆ, ನಾನು ಒಂದು ವಾರ ತಪ್ಪು ಸಾಲು ಓದಿಕೊಂಡು ಹೋಗಿದ್ದೆ. ಗುಂಪಿನಲ್ಲಿ ಒಬ್ಬರು ಪ್ರತಿ ಪ್ರಶ್ನೆಗೂ ಹತ್ತು ನಿಮಿಷ ಮಾತಾಡುತ್ತಾರೆ, ಎಲ್ಲ ಗುಂಪಿನಲ್ಲೂ ಇರುತ್ತಾರೆ, ತಡೆದುಕೊಳ್ಳಿ. ಮನೆಯಲ್ಲಿ ಈಗ ತಾನೇ ಸಾವಾಗಿದ್ದರೆ ಏಳನೇ ವಾರ ಒಬ್ಬರೇ ಕೂತು ಕೇಳಬೇಡಿ. ಕಷ್ಟಕ್ಕೆ ಕಾರಣ ಬೇಕು ಅನ್ನುವವರು ದುಡ್ಡು ಉಳಿಸಿಕೊಳ್ಳಿ, ಅದು ಇಲ್ಲಿ ಸಿಗುವುದಿಲ್ಲ.

ಮುಂದಿನ ಕೋರ್ಸು ಬೈಬಲ್ಲಿನಲ್ಲಿ ಕಷ್ಟದ ಮೇಲೆ ಕಷ್ಟ ಉಂಡ ಯೋಬನ ಬಗ್ಗೆ ಅಂತ ಮೇಲ್ ಬಂದಿದೆ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಮಾರ್ಚ್ ಕೊನೆಯಲ್ಲಿ ಅಲ್ಲಿ ಗಡಿಯಾರ ಮತ್ತೆ ಮುಂದಕ್ಕೆ ಹೋಗುತ್ತದಲ್ಲ, ಆಗ ನಮಗೆ ಎಷ್ಟು ಹೊತ್ತಿಗೆ ಅಂತ ಕೇಳಿ ಬರೆದೆ. ಹನ್ನೊಂದು ದಿನವಾಯಿತು, ಉತ್ತರ ಇಲ್ಲ. ಇವತ್ತು ಇನ್ನೊಂದು ಮೇಲ್ ಹಾಕಿದ್ದೇನೆ.